ಎಕ್ಕಂಬಿಯಲ್ಲಿಟ್ಟ ಪ್ರಸ್ಥಾನ

ಯಲ್ಲಾಪುರ ಬಸ್ ನಿಲ್ದಾಣದ ಎದುರು ಪೊಲೀಸರು ಕೈ ಅಡ್ಡ ಹಿಡಿದಾಗ ನಾಗಪತಿ ಮಾಸ್ತರರು ನಗುತ್ತಲೇ ಕಾರು ನಿಲ್ಲಿಸಿದರು. ಲೈಸೆನ್ಸು, ಆರ್.ಸಿ. ಬುಕ್ಕು, ವಿಮೆ ಎಲ್ಲವನ್ನೂ ಒಂದೇ ಕವರಿನಲ್ಲಿ ಜೋಡಿಸಿಡುವ ಮನುಷ್ಯ ಅವರು. ಡ್ಯಾಶ್‌ಬೋರ್ಡಿನ ಖಾನೆಗೆ ಹಾಕಿದ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಹೆಂಡತಿ ದೇವಕಿಗೆ ಅವರಿಗಿಂತ ಮೊದಲೇ ಹೊಳೆಯಿತು: ಕಾಗದಪತ್ರಗಳು ತಮ್ಮಿಬ್ಬರಿಗಿಂತ ಎರಡು ದಿನ ಮುಂಚೆಯೇ ಹರಿದ್ವಾರಕ್ಕೆ ಹೊರಟುಬಿಟ್ಟಿವೆ.

"ಎಕ್ಕಂಬಿಲಿ ಇದ್ದು," ಎಂದಳು.

ಮಾಸ್ತರರ ರಜೆ ಶುರುವಾಗುವುದು ಬುಧವಾರ. ಬುಧವಾರ ಉತ್ತರ ದಿಕ್ಕಿಗೆ ಶೂಲ, ಹೊರಡಬಾರದು. ಅದಕ್ಕೆ ಪರಿಹಾರವೂ ಉಂಟು. ಒಳ್ಳೆಯ ದಿನ ನೋಡಿ, ಹೋಗುವ ದಾರಿಯಲ್ಲಿ ಯಾರದಾದರೂ ಮನೆಯಲ್ಲಿ ಒಂದು ಗಂಟು ಇಟ್ಟು ಬಂದರೆ ಪ್ರಯಾಣ ಅಂದೇ ಹೊರಟ ಲೆಕ್ಕ. ಅದೇ ಪ್ರಸ್ಥಾನ. ಆಮೇಲೆ ಯಾವತ್ತು ಹೊರಟರೂ ದಾರಿಯಲ್ಲಿ ಅದನ್ನು ಎತ್ತಿಕೊಂಡು ಮುಂದೆ ಹೋದರಾಯಿತು. ಉಳಿದವರು ಒಂದು ಪಂಚೆ, ಒಂದು ತೆಂಗಿನಕಾಯಿ ಇಟ್ಟು ಕೈಮುಗಿಯುತ್ತಾರೆ. "ದಾರಿಗೆ ಅತ್ಯಗತ್ಯವಾದದ್ದನ್ನು ಇಡಬೇಕು" ಎಂದು ಪಂಚಾಂಗ ನೋಡಿದ ಭಟ್ಟರು ಹೇಳಿದ್ದನ್ನು ಈ ಲೆಕ್ಕದ ಮಾಸ್ತರರು ಅಕ್ಷರಶಃ ಪಾಲಿಸಿದ್ದರು. ಸೋಮವಾರ ಬಸ್ಸಿನಲ್ಲಿ ಎಕ್ಕಂಬಿಗೆ ಹೋಗಿ, ಚಿಕ್ಕಪ್ಪನ ಮಗ ಅನಂತಮೂರ್ತಿಯ ದೇವರ ಕೋಣೆಯಲ್ಲಿ ಕಾಯಿಯ ಜೊತೆ ಕವರನ್ನೂ ಇಟ್ಟು ಬಂದಿದ್ದರು. ಇವತ್ತು ಬೆಳಿಗ್ಗೆ ಶಿರಸಿಯ ಪೆಟ್ರೋಲ್ ಬಂಕಿನಲ್ಲಿ, ಎಕ್ಕಂಬಿಯಿಂದ ಮುಂದೆ ಮೋರಿ ಕುಸಿದಿದೆ ಎಂದು ಯಾರೋ ಹೇಳಿದ್ದೇ ತಡ, ಎಕ್ಕಂಬಿಯ ದಾರಿ ಬಿಟ್ಟು ಕಾರನ್ನು ಯಲ್ಲಾಪುರ ರಸ್ತೆಗೆ ತಿರುಗಿಸಿದ್ದರು. "ಗಂಟು?" ಎಂದು ದೇವಕಿ ಕೇಳಿದ್ದಳು. "ಎಲ್ಲಾ ಡಿಕ್ಕಿಲಿದ್ದು, ನೀ ಸುಮ್ನೆ ಕೂತ್ಗ" ಎಂದಿದ್ದರು.

ಹೆಡ್ ಕಾನ್ಸ್‌ಟೇಬಲ್ ಕಲ್ಲಯ್ಯ ಪ್ರಸ್ಥಾನದ ವಿವರವನ್ನೆಲ್ಲ ತಾಳ್ಮೆಯಿಂದ ಕೇಳಿದ. "ಅಂದ್ರ ಕಾಗದ ಮುಂದ ಹೋದ್ವು, ಗಾಡಿ ಹಿಂದ ಬಂತು. ಇರ್ಲಿ ಸರ. ಗಾಡಿ ಇಲ್ಲೇ ನಿಲ್ಲಸ್ರಿ, ಕಾಗದ ತಂದು ಬಿಡಸ್ಕೊಂಡು ಹೋಗ್ರಿ. ದಂಡ ಆಮ್ಯಾಲೆ ನೋಡೋಣು."

ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿಯಲ್ಲಿ ಮುಗಿದದ್ದು ಐವತ್ತು. ಅಷ್ಟರೊಳಗೆ ಮಂಚಿಕೇರಿಯಲ್ಲಿ ಪಂಕ್ಚರಿಗೆ ಒಂದು ತಾಸು, ಫ್ಯಾನ್ ಬೆಲ್ಟಿಗೆ ಇನ್ನೂರು ರೂಪಾಯಿ ಹೋಗಿತ್ತು. ಮಾಸ್ತರರು ಎದುರಿನ ಎಸ್‌ಟಿಡಿ ಬೂತಿನಿಂದ ಎಕ್ಕಂಬಿಗೆ ಫೋನು ಮಾಡಿದರು. ಅನಂತಮೂರ್ತಿಯ ದನಿ ಬೂತಿನ ಹೊರಗೆ ನಿಂತ ದೇವಕಿಗೂ ಕೇಳುತ್ತಿತ್ತು.

"ಕವರು ದೇವರ ಮುಂದೇ ಇದ್ದು, ಅಣ್ಣ. ಬಸ್ಸಿಗೆ ಕೊಟ್ಟು ಕಳ್ಸಲಕ್ಕು. ಆದ್ರೆ ಪ್ರಸ್ಥಾನ ಇಟ್ಟವನೇ ಬಂದು ಎತ್ತಕ್ಕು. ಕಂಡಕ್ಟರ್ ಎತ್ತಿದ್ರೆ ಅವನೇ ಹರಿದ್ವಾರಕ್ಕೆ ಹೊರಟಂಗಾತು."

"ಅದೂ ಹೌದು," ಎಂದರು ಮಾಸ್ತರರು. ಅವರ ಮುಖದಲ್ಲಿ ಸಮಾಧಾನವೇ ಕಂಡದ್ದು ದೇವಕಿಯ ಮೈ ಉರಿಸಿತು.

ಹೊರಗೆ ಬಂದು ವಾಚು ನೋಡಿಕೊಂಡರು. "ಇಬ್ರೂ ವಾಪಸ್ ಹೋಪನ. ಎಕ್ಕಂಬಿಗೆ ಹೋಗಿ, ಮನೆಲಿ ಉಂಡು ಮಲಗಿ, ನಾಳೆ ನೋಡನ. ಹ್ಯಾಂಗೂ ಊರಲ್ಲಿದ್ರೆ ನಾಳೆ ಸಂಘದ ಮೀಟಿಂಗೂ ಮುಗಿಸ್ಲಕ್ಕು."

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಈ ಯಾತ್ರೆ ಮೂರು ಸಲ ಹೊಸ್ತಿಲವರೆಗೆ ಬಂದು ನಿಂತಿತ್ತು. ಒಮ್ಮೆ ಪರೀಕ್ಷೆಯ ಮೇಲ್ವಿಚಾರಣೆ. ಒಮ್ಮೆ ಎಮ್ಮೆ ಈದದ್ದು. ಇನ್ನೊಮ್ಮೆ ಯಾವ ಕಾರಣವೂ ಇರಲಿಲ್ಲ, ಬರೀ "ನಾಳೆ ನೋಡನ". ಈ ಸಲ ಮನೆಯ ಬಾಗಿಲು ಮತ್ತೆ ತೆರೆದರೆ ಮುಗಿಯಿತು ಎಂಬುದು ಅವಳಿಗೆ ಗೊತ್ತಿತ್ತು. ಮೀಟಿಂಗ್ ಆದ ಮೇಲೆ ಯಾರದೋ ಉಪನಯನ, ಅದಾದ ಮೇಲೆ ಮಳೆಗಾಲ.

"ನಿಂಗ ಹೋಗಿ ತನ್ನಿ. ಆನು ಬತ್ನಿಲ್ಲೆ."

"ಇಲ್ಲಿ ಒಬ್ಳೇ ಎಂತ ಮಾಡ್ತೆ ಮಾರಾಯ್ತಿ? ಬಾ, ಬಾ."

ಶಿರಸಿ ಬಸ್ಸು ಬಂತು. ಮಾಸ್ತರರು ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಟವೆಲು ಹಾಸಿ ಹೆಂಡತಿಗೆ ಜಾಗ ಹಿಡಿದರು. ದೇವಕಿ ಕಾರಿನಲ್ಲೇ ಬಿಟ್ಟಿದ್ದ ಕೀಲಿಯಿಂದ ಡಿಕ್ಕಿ ತೆಗೆದು ತನ್ನ ಬಟ್ಟೆಯ ಚೀಲ ಎತ್ತಿಕೊಂಡಳು. ಕೀಲಿಯನ್ನು ಕಲ್ಲಯ್ಯನ ಕೈಗಿಟ್ಟು, ಆಚೆ ಅಂಕಣದಲ್ಲಿ ಗುರುಗುಡುತ್ತಿದ್ದ ಬಸ್ಸಿನ ಕಡೆ ನಡೆದಳು.

"ದೇವಕೀ! ಅದು ಹುಬ್ಬಳ್ಳಿ ಬಸ್ಸು!" ಮಾಸ್ತರರು ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದರು.

"ಗೊತ್ತಿದ್ದು. ಹುಬ್ಬಳ್ಳಿಲಿ ಅಕ್ಕನ ಮನೆಲಿ ಇರ್ತಿ. ಆನೇ ಮುಂದೆ ಇಟ್ಟ ಪ್ರಸ್ಥಾನ ಹೇಳಿ ತಿಳ್ಕಳಿ. ನಿಂಗನೇ ಬಂದು ಎತ್ಗಂಡು ಹೋಗಕ್ಕು."

"ಬುಧವಾರ ಉತ್ತರಕ್ಕೆ ಶೂಲ! ಕೇಳ್ತಾ?"

"ಸೋಮವಾರವೇ ಹೊರಟಾಯ್ದಲ್ಲ!"

ಬಸ್ಸಿನಲ್ಲಿದ್ದವರು ನಕ್ಕರು. ದೇವಕಿ ನಗಲಿಲ್ಲ. ಮೊದಲ ಸೀಟಿನಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಎದುರಿನ ಬಸ್ಸಿನಿಂದ ಮಾಸ್ತರರು ಇಳಿಯುವುದೋ ಬೇಡವೋ ಎಂದು ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟು ನಿಂತಿದ್ದರು. ಅವಳು ಆ ಕಡೆ ನೋಡಲಿಲ್ಲ.

ಕಂಡಕ್ಟರು ಬಂದ. "ಎಲ್ಲಿಗ್ರೀ ಅಕ್ಕಾರ?"

"ಹರಿದ್ವಾರ," ಎಂದಳು ದೇವಕಿ. "ಸದ್ಯಕ್ಕೆ ಹುಬ್ಬಳ್ಳಿ ಒಂದು ಕೊಡಿ."