ಎರಡಕ್ಷರ

"ಮಿಕ್ಕಿದ್ದೆಲ್ಲ ಬರುತ್ತಪ್ಪ. ವಿಷ್ಣು ಸಹಸ್ರನಾಮ ಅಂತ ಹುಡುಕಿದರೆ ಮಾತ್ರ ಏನೂ ತೆರೆಯಲ್ಲ. ದೇವರನ್ನೇ ಹೊರಗೆ ನಿಲ್ಲಿಸಿದೆ ನಿಮ್ಮ ಡಬ್ಬಿ," ಎಂದರು ಅಲಮೇಲಮ್ಮ, ದಿಂಬಿಗೆ ಒರಗಿಕೊಂಡೇ.

ರೂಟರ್ ರಿಪೇರಿಗೆ ಬಂದಿದ್ದ ನಿಂಗರಾಜು ನಕ್ಕು, ಲ್ಯಾಪ್‌ಟಾಪಿನಲ್ಲಿ ಅದರ ಸೆಟ್ಟಿಂಗ್ ತೆರೆದ. ತಡೆಹಿಡಿದ ಪದಗಳ ಪಟ್ಟಿಯೊಂದು ಅಲ್ಲಿತ್ತು.

"ದೇವರ ಮೇಲೆ ಅದಕ್ಕೇನೂ ಕೋಪವಿಲ್ಲಮ್ಮ. ಯಾರೋ 'ವಿಷ' ಅನ್ನೋ ಎರಡಕ್ಷರ ಬ್ಲಾಕ್ ಮಾಡಿದ್ದಾರೆ. ವಿಷ್ಣುವಿನ ಹೆಸರಲ್ಲೂ ಅದೇ ಅಕ್ಷರ ಇದೆಯಲ್ಲ, ಪಾಪ, ಸಿಕ್ಕಿಹಾಕಿಕೊಂಡಿದ್ದಾನೆ."

"ಇನ್ನೇನಿದೆ ಆ ಪಟ್ಟಿಯಲ್ಲಿ?"

"ವಾಂತಿ. ಕೂದಲು ಉದುರುವುದು. ಬೆರಳು ಜೋಮು."

ಅಲಮೇಲಮ್ಮ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಳ್ಳಲು ಹೋದರು. ಜೋಮು ಹಿಡಿದ ಬೆರಳಿನಿಂದ ಅದು ಎರಡು ಸಲ ಜಾರಿತು.

ನಿಂಗರಾಜು ದನಿ ತಗ್ಗಿಸಿದ. "ಇದನ್ನೆಲ್ಲ ಹಾಕಿದ್ದು ಯಾರಮ್ಮ?"

"ಈ ಡಬ್ಬಿಯ ವಿಚಾರ ಗೊತ್ತಿರೋದು ನಮ್ಮನೆಯವರಿಗೊಬ್ಬರಿಗೇ. ನನಗೆ ಹುಷಾರಿಲ್ಲ ಅಂತ ಮೂರು ತಿಂಗಳಿಂದ ನನ್ನೊಬ್ಬಳಿಗೋಸ್ಕರ ಕಷಾಯವನ್ನೂ ಅವರೇ ಕಾಯಿಸಿ..."

ಅವರ ಕಣ್ಣು ಲ್ಯಾಪ್‌ಟಾಪಿನ ಪಟ್ಟಿಯ ಕಡೆ ಹೊರಳಿತು.

"ಏನಪ್ಪಾ, ತೊಂದರೆ ಎಲ್ಲಿದೆ ಅಂತ ಗೊತ್ತಾಯ್ತಾ?" ಎನ್ನುತ್ತ ಗಂಡ ಅಡುಗೆಮನೆಯಿಂದ ಬಂದರು. ತಟ್ಟೆಯಲ್ಲಿ ಇವತ್ತು ಎರಡು ಲೋಟ ಕಷಾಯವಿತ್ತು.