ಸದ್ದಿಲ್ಲದ ಏಳು ನಿಮಿಷ

“ಇದು ಕಂಪ್ಯೂಟರಾ, ಅಕ್ಕಿ ಮಿಲ್ಲಾ?” ಭಾವನಾ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದಳು. ಗಂಟೆ ಮೂರೂಕಾಲು. ಐದರೊಳಗೆ ಮೂರನೆಯ ಮಾದರಿ ರೆಕಾರ್ಡಿಂಗ್ ಮಣಿಪಾಲದ ಸಂಸ್ಥೆಗೆ ಮುಟ್ಟಬೇಕು. ಕಣ್ಣು ಕಾಣದ ಮಕ್ಕಳಿಗಾಗಿ ಪಾಠಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುವ ಕೆಲಸ. ಬೆಳ್ಮಣ್ಣಿಗೆ ಸೊಸೆಯಾಗಿ ಬಂದ ಆರು ವರ್ಷಗಳಲ್ಲಿ ಅವಳು ತನಗೆ ಬೇಕೆಂದು ಕೇಳಿದ ಮೊದಲ ಕೆಲಸ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಬೇಡವೆಂದು ಸಂಸ್ಥೆಯವರು ಮೊದಲೇ ಹೇಳಿದ್ದರು. ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಮಾಡಿ ಕಳುಹಿಸಿದ ಎರಡು ಮಾದರಿಗಳಿಗೂ ‘ಸ್ವರ ಚೆನ್ನಾಗಿದೆ, ಹಿಂದೆ ಯಂತ್ರದ ಸದ್ದಿದೆ’ ಎಂಬ ಒಂದೇ ಉತ್ತರ ಬಂದಿತ್ತು. ಇದು ಕೊನೆಯ ಅವಕಾಶ.

ಆ ಯಂತ್ರ ಗಂಡ ರಘುವೀರನದು. ಮದುವೆಗಳ ವಿಡಿಯೋ ಎಡಿಟ್ ಮಾಡಲೆಂದು ಒಂದೊಂದೇ ಭಾಗ ತರಿಸಿ ಅವನೇ ಜೋಡಿಸಿದ, ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆ. ಒಳಗೆ ಏಳು ಫ್ಯಾನು. ಮೊದಲು ಬರೀ ಗುಂಯ್ ಎನ್ನುತ್ತಿದ್ದದ್ದು ಈಗೊಂದು ತಿಂಗಳಿನಿಂದ ನಡುಗಲು, ಕಟಕಟ ಹಲ್ಲು ಕಡಿಯಲು ಶುರು ಮಾಡಿತ್ತು. ಅವನೂ ಸುಮ್ಮನೆ ಕೂತವನಲ್ಲ. ಹಟ್ಟಿಯಲ್ಲಿ ದನದ ಕಾಲಡಿಗೆ ಹಾಸಿದ್ದ ರಬ್ಬರ್ ಮ್ಯಾಟನ್ನು ತುಂಡು ಮಾಡಿ ತಂದು ಪೆಟ್ಟಿಗೆಯ ಅಡಿಗಿಟ್ಟ. ಫ್ಯಾನಿನ ವೇಗ ಇಳಿಸಿದ. ಸೆಕೆ ತಡೆಯದೆ ಕಂಪ್ಯೂಟರೇ ನಿಂತುಹೋಯಿತು. ಕಪಾಟಿನೊಳಗಿಟ್ಟು ಬಾಗಿಲು ಹಾಕಿದ; ಅದು ಇನ್ನಷ್ಟು ಬೊಬ್ಬೆ ಹೊಡೆಯಿತು.

“ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಒಂಚೂರೂ ಸದ್ದಿಲ್ಲ, ನೋಡು,” ಎಂದು ಈಗ ಫೋನಿನಲ್ಲಿ ಯಾವುದೋ ವಿಡಿಯೋ ತೋರಿಸಿದ.

“ತೆಂಗಿನೆಣ್ಣೆ ಎರಡು ಡಬ್ಬಿ ಉಂಟು. ಮುಳುಗಿಸಿ. ಜಾಗ ಉಳಿದರೆ ನೀವೂ ಇಳಿಯಿರಿ.”

“ಸಿಟ್ಟು ಎಂತಕ್ಕೆ ಮಾರಾಯ್ತಿ? ಹೊಸ ಫ್ಯಾನಿಗೆ ಆರ್ಡರ್ ಮಾಡಿದ್ದೇನೆ, ಸೋಮವಾರ ಬರ್ತದೆ.”

“ನನ್ನದು ಇವತ್ತು ಐದು ಗಂಟೆಗೆ ಮುಗೀತದೆ. ಇದನ್ನು ಒಮ್ಮೆಯಾದರೂ ಬಿಚ್ಚಿ ಒಳಗೆ ನೋಡಿದ್ದೀರಾ?”

“ಫ್ಯಾನು ಬಂದಾಗ ಹೇಗೂ ಬಿಚ್ಚಲಿಕ್ಕುಂಟು. ಎರಡೆರಡು ಸಲ ಯಾಕೆ?”

ಭಾವನಾ ಹೊಲಿಗೆ ಯಂತ್ರದ ಡ್ರಾವರಿನಿಂದ ಸ್ಕ್ರೂ ಡ್ರೈವರ್ ತಂದು, ಪ್ಲಗ್ಗು ಕಿತ್ತು, ಪೆಟ್ಟಿಗೆಯ ಮಗ್ಗುಲಿನ ತಗಡು ತೆಗೆದಳು. ಹಿಡಿಯಷ್ಟು ಹಳದಿ ಅಕ್ಕಿ ಸುರ್ರೆಂದು ಅವಳ ಮಡಿಲಿಗೆ ಜಾರಿತು. ಫ್ಯಾನಿನ ರೆಕ್ಕೆಗಳಿಗೆ ಅರಿಶಿನದ ಹಸಿ ಆರಿ ಕಾಳುಗಳು ಅಂಟಿಕೊಂಡಿದ್ದವು. ಸಂದಿಗಳಲ್ಲೆಲ್ಲ ಒಣಗಿದ ಅಡಿಕೆ ಹಿಂಗಾರದ ಮಣಿಗಳು.

“ಅಕ್ಷತೆ!” ರಘುವೀರ ಬಾಯಿ ಬಿಟ್ಟ. ಗಾಳಿಯಾಡಲೆಂದು ಪೆಟ್ಟಿಗೆಯ ನೆತ್ತಿಯ ಜಾಲರಿಯನ್ನು ಕಿತ್ತಿಟ್ಟವನು ಅವನೇ. “ಆಯುಧಪೂಜೆಯಲ್ಲಿ ಹಾಕಿದ್ದು ಇಷ್ಟು ಉಂಟಾ?”

“ಅದು ಆಯುಧಪೂಜೆಯದ್ದಲ್ಲ.” ಅವನ ತಾಯಿ ಶ್ರೀಮತಿಯಮ್ಮ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ನಿಂತಿದ್ದರು. “ದಿನಾ ಬೆಳಿಗ್ಗೆ ಪೂಜೆ ಮುಗಿಸಿ ನಾನು ಹಾಕಿದ್ದು. ಭಾವನಾ, ನಿನಗೆ ಆ ಕೆಲಸ ಸಿಗಲಿ ಅಂತ. ಮೊದಲು ನಾಲ್ಕೇ ಕಾಳು ಹಾಕ್ತಿದ್ದೆ. ಒಂದು ಸಲ ಬೇಡ ಅಂದರಲ್ಲ, ಆಮೇಲೆ ಒಂದು ಚಿಟಿಕೆ. ಎರಡನೇ ಸಲವೂ ಬೇಡ ಅಂದ ಮೇಲೆ...” ಅವರು ಸೊಸೆಯ ಮಡಿಲಿನ ಅಕ್ಕಿಯನ್ನು ನೋಡಿದರು. “ಹಿಡಿ ತುಂಬ.”

ಬೈಯಲೆಂದು ತೆರೆದ ಬಾಯನ್ನು ಭಾವನಾ ಮುಚ್ಚಿದಳು. ಮತ್ತೆ ತೆರೆದಾಗ ಬಂದದ್ದು ಇಷ್ಟೇ: “ಅತ್ತೆ, ಇನ್ನೊಂದು ಗಂಟೆ ನೀವು ಎಂತದೂ ಮಾಡಬೇಡಿ. ಸುಮ್ಮನೆ ಕೂತುಕೊಳ್ಳಿ. ಅಷ್ಟೇ ಸಾಕು.”

ಹಳೆಯ ಹಲ್ಲುಜ್ಜುವ ಬ್ರಷ್ಷು, ಒದ್ದೆ ಬಟ್ಟೆ, ಮತ್ತೆ ಒಣ ಬಟ್ಟೆ. ಗಂಡಹೆಂಡತಿ ಕಾಳು ಕಾಳು ಹೆಕ್ಕಿ ಮುಗಿಸಿದಾಗ ನಾಲ್ಕೂವರೆ. ಸ್ವಿಚ್ಚು ಹಾಕಿದರೆ, ಮಲಗಿದ ಮಗುವಿನ ಉಸಿರಿನಷ್ಟೇ ಸದ್ದು. ಗಂಡನನ್ನು ಹೊರಗೆ ಕಳುಹಿಸಿ, ಬಾಗಿಲು ಹಾಕಿಕೊಂಡು ಭಾವನಾ ಓದಿದಳು. ಏಳು ನಿಮಿಷದ ಪಾಠ. ಮೊದಲನೆಯ ಸಲ ಕೊನೆಯ ಸಾಲಿಗೆ ಸರಿಯಾಗಿ ಕಾರ್ಕಳದ ಬಸ್ಸು ಹಾರನ್ ಹೊಡೆಯಿತು. ಹಲ್ಲು ಕಚ್ಚಿ ಅಳಿಸಿದಳು. ಎರಡನೆಯ ಸಲ ಒಂದಕ್ಷರವೂ ತಪ್ಪದೆ, ಒಂದು ಕೆಮ್ಮೂ ಇಲ್ಲದೆ ಮುಗಿಯಿತು.

ಹೆಡ್‌ಫೋನ್ ಹಾಕಿ ಕೇಳುತ್ತ ಬಂದಳು. ನಡುವೆ ಉಸಿರು ತೆಗೆದುಕೊಳ್ಳಲು ಅವಳು ನಿಲ್ಲಿಸಿದ್ದ ಕಡೆ ಬಾಗಿಲ ಸಂದಿಯಿಂದ ಅತ್ತೆಯ ಪಿಸುದನಿ, ತುಳುವಿನಲ್ಲಿ: ದೇವರೇ, ಇವಳ ಸ್ವರವೊಂದು ಆ ಮಕ್ಕಳಿಗೆ ಕೇಳಲಿ. ಪ್ರತಿ ಅಕ್ಷರವೂ ಸ್ಪಷ್ಟ.

ಗೋಡೆ ಗಡಿಯಾರ ನೋಡಿದಳು. ಐದಕ್ಕೆ ಇನ್ನು ಆರೇ ನಿಮಿಷ.

ಭಾವನಾ ಹೆಡ್‌ಫೋನ್ ತೆಗೆದು, ಮಾದರಿಯನ್ನು ಇದ್ದ ಹಾಗೆಯೇ ಕಳುಹಿಸಿದಳು. ಬಾಗಿಲಾಚೆ ಪಿಸುದನಿ ಇನ್ನೂ ನಿಂತಿರಲಿಲ್ಲ.