ಹನ್ನೊಂದನೆಯ ಬೋಲ್ಟು

ಅಮೀನಪ್ಪನ ಬಳಿ ಒಂದು ಬೋಲ್ಟು ಇರಲಿಲ್ಲ.

ಇಳಕಲ್ಲಿನ ಆ ಮನೆಯ ಪಡಸಾಲೆಯಲ್ಲಿ ಒಂದು ಕಡೆ ಮಗ್ಗ, ಇನ್ನೊಂದು ಕಡೆ ಬಿಚ್ಚಿದ ಬೈಕು. ಕ್ಲಚ್ಚಿನ ಮುಚ್ಚಳದ ಆಕಾರವನ್ನು ರಟ್ಟಿನ ಮೇಲೆ ಬರೆದು, ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದರದರ ಜಾಗದಲ್ಲೇ ಚುಚ್ಚಿಟ್ಟಿದ್ದ. ನೇಕಾರನ ಶಿಸ್ತು. ಈಗ ರಟ್ಟಿನಲ್ಲಿ ತೂತು ಹನ್ನೊಂದು, ಬೋಲ್ಟು ಹತ್ತು. ಹೋದದ್ದು ಎಲ್ಲಕ್ಕಿಂತ ಉದ್ದನೆಯದು.

ಬೆಳಗಿನಿಂದ ಅವನು ಎದ್ದದ್ದು ಎರಡೇ ಸಲ. ಮೊದಲ ಸಲ, ಮಗ್ಗದಲ್ಲಿ ಕೂತಿದ್ದ ಹೆಂಡತಿ ರತ್ನಾಬಾಯಿ "ಎಳಿ ಹರೀತ್ರಿ" ಎಂದು ಕೂಗಿದಾಗ. ಮಗ್ಗದ ಹಿಂದೆ ಹೋಗಿ ಹೊಸ ಎಳೆ ಸೇರಿಸಿ, ಬಿಗಿ ನಿಲ್ಲಲೆಂದು ತುದಿಗೆ ಭಾರ ಕಟ್ಟಿ ಇಳಿಬಿಟ್ಟು ಬಂದ. ಮೂವತ್ತು ವರ್ಷದ ರೂಢಿ. ಕಣ್ಣು ಬೈಕಿನ ಮೇಲೆಯೇ ಇತ್ತು. ಎರಡನೆಯ ಸಲ ಚಹಾಕ್ಕೆ. ಕುಡಿದು ಬಂದರೆ, ತಮ್ಮ ಸಚಿನ ರಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಸಚಿನ ಹುನಗುಂದದಲ್ಲಿ ಗ್ಯಾರೇಜು ಇಟ್ಟವನು. ಮನೆಯ ಪಾಲಿನ ಜಗಳದಲ್ಲಿ ಎರಡು ವರ್ಷ ಮಾತು ಬಿಟ್ಟಿದ್ದ. ರತ್ನಾಬಾಯಿಯೇ ಹೋಗಿ ಕರೆದ ಮೇಲೆ ಹೋದ ತಿಂಗಳಿಂದ ಬರತೊಡಗಿದ್ದ. ಈ ಸಲ ಕೆಟ್ಟರೆ ಮತ್ತೆ ಕೂಡುವಂಥದ್ದಲ್ಲ. ಅದು ಮೂವರಿಗೂ ಗೊತ್ತಿತ್ತು.

"ನನ್ನ ಗ್ಯಾರೇಜಿಗೆ ತಾ ಅಂದ್ರ ಬ್ಯಾಡಂದಿ," ಸಚಿನ ನಕ್ಕ. "ಮೊಬೈಲ್ ನೋಡಿ ಬಿಚ್ಚೂದು ಸಸಾರ ಅಣ್ಣಾ. ಕೂಡ್ಸೂದೈತಲ್ಲ, ಅಲ್ಲೈತಿ ಮಜಾ."

ಅಮೀನಪ್ಪ ನಗಲಿಲ್ಲ. "ಉದ್ದನ್ನ ಬೋಲ್ಟ್ ಎಲ್ಲೈತಿ?"

"ನನಗೇನ್ ಗೊತ್ತು?"

"ಕಿಸೆ ತೋರ್ಸು."

ಮಗ್ಗದ ಸಪ್ಪಳ ನಿಂತಿತು. "ಏನ್ರೀ, ಒಡಹುಟ್ಟಿದವನ ಕಿಸೆ ನೋಡ್ತೀರಿ?" ಎಂದಳು ರತ್ನಾಬಾಯಿ.

ಸಚಿನ ಎರಡೂ ಕಿಸೆ ಹೊರಗೆಳೆದ. ಬಾಚಣಿಗೆ, ಬಸ್ಸಿನ ಟಿಕೇಟು, ಒಂದು ಹೊಸ ಆಯಿಲ್ ಸೀಲು.

"ಇದನ್ನ ಹಾಕ್ಲಿಲ್ಲಂದ್ರ ಸೋರ್ತೈತಿ ಅಂತ ತಂದಿದ್ದೆ. ಬಾಯಿನೂ ತಗೀಲೇನು? ಬೋಲ್ಟ್ ನುಂಗೇನೇನೋ."

ಸೀಲನ್ನು ರಟ್ಟಿನ ಮೇಲಿಟ್ಟು ಚಪ್ಪಲಿ ಮೆಟ್ಟಿದ. "ಅತ್ತಿಗೆವ್ವಾ, ಇನ್ನ ಕರಿಯಾಕ ಬರಬ್ಯಾಡ."

ಅಮೀನಪ್ಪನ ಅನುಮಾನ ಆಗಲೂ ಹೋಗಲಿಲ್ಲ. ಕಿಟಕಿಯಿಂದ ಎಸೆದಿರಬೇಕೆಂದು ಹಿತ್ತಿಲ ಮಣ್ಣನ್ನೆಲ್ಲ ಕೆದಕಿದ.

ನಾಲ್ಕು ದಿನ ಕಳೆಯಿತು. ಸೀರೆ ನೇಯ್ದಂತೆ ಎಳೆ ಮುಂದೆ ಸರಿಯಿತು; ಎಳೆ ಸರಿದಂತೆ ಹಿಂದೆ ನೇತಾಡುತ್ತಿದ್ದ ಭಾರ ಮೇಲೇರಿತು. ರತ್ನಾಬಾಯಿ ಎದ್ದು ಹೋಗಿ ನೋಡಿದಳು. ಅದನ್ನು ಎಳೆ ಸಮೇತ ಹರಿದು ತಂದು ಗಂಡನ ಅಂಗೈಯಲ್ಲಿಟ್ಟಳು. ಉದ್ದನೆಯ ಬೋಲ್ಟು. ಗಂಟು ಅವನದೇ.

ಬೋಲ್ಟು ಹನ್ನೊಂದಕ್ಕೆ ಹನ್ನೊಂದು. ತಮ್ಮ ಒಬ್ಬ ಕಡಿಮೆ.